ಅಮ್ಮ ಕಳಿಸಿದ ಬಾಟಲಿ

ಸಾನ್ ಪೆದ್ರೊ, ಅಲ್ಮೆಂದ್ರೊಸ್ ಬಡಾವಣೆ
14 ಆಗಸ್ಟ್ 2011

ಪ್ರೀತಿಯ ಡೆಲ್ಮಿಸ್ ಅಕ್ಕಾ,

ಅಮ್ಮ ಪಕ್ಕದಲ್ಲಿದ್ದರೆ ಈ ಕಾಗದ ಈಗಲೇ ಮಡಚಿಡು. ಅವಳು ಕೋಳಿಗೆ ಜೋಳ ಹಾಕಲು ಹೊರಗೆ ಹೋದಾಗ ಓದು. ಓದಿದ ಮೇಲೆ ಒಲೆಗೆ ಹಾಕು.

ನಾನು ಗ್ಯಾಂಗ್ ಬಿಟ್ಟೆ.

ಬಿಟ್ಟೆ ಅಂದರೆ, ಅವರು ಬಿಟ್ಟುಕೊಟ್ಟರು. ಇಲ್ಲಿಂದ ಜೀವಸಹಿತ ಹೊರಗೆ ಬರಲು ಇರುವುದು ಒಂದೇ ದಾರಿ ಅಂತ ನಿನಗೂ ಗೊತ್ತು. ದೇವರ ಸಭೆಗೆ ಸೇರಿದವನನ್ನು ಅವರು ಮುಟ್ಟುವುದಿಲ್ಲ. ಆದರೆ ನಿಜವಾಗಿ ಸೇರಿರಬೇಕು. ನಾನು ಪಾಸ್ಟರ್ ಎಲಿಯೊದೊರೊ ಅವರನ್ನು ಕರೆದುಕೊಂಡು ನಮ್ಮ ನಾಯಕನ ಮುಂದೆ ಹೋಗಿ ನಿಂತೆ. ಅವನಿಗೆ ಮೂದೊ ಅಂತ ಕರೆಯುತ್ತಾರೆ, ಮೂಗ ಅಂತ. ಮಾತು ಬರುತ್ತದೆ, ಆಡುವುದು ಕಡಿಮೆ. ಅವತ್ತು ಮಾತ್ರ ನಾನು ಕೇಳಿದ್ದರಲ್ಲೇ ಅತಿ ಉದ್ದದ ಮಾತಾಡಿದ.

"ಹೋಗು. ದೇವರ ಜೊತೆ ಆಟ ಆಡ್ಬೇಡ, ನಮ್ಮ ಜೊತೆನೂ ಆಡ್ಬೇಡ. ಒಂದು ಬಿಯರ್, ಒಂದು ಸಿಗರೇಟು, ಒಂದು ಡ್ಯಾನ್ಸು ನಮ್ಮವರ ಕಣ್ಣಿಗೆ ಬಿತ್ತು ಅಂದ್ರೆ ನೀನು ಸುಳ್ಳ ಅಂತ. ಸುಳ್ಳನ್ನ ಇಟ್ಕೊಂಡು ನಾವೇನ್ ಮಾಡೋದು?"

ಆಮೇಲೆ ಪಾಸ್ಟರ್ ಕಡೆ ತಿರುಗಿ, "ಇವನಿಗೆ ನೀವು ಹೊಣೆ," ಅಂದ. ಪಾಸ್ಟರ್ ತಲೆಯಾಡಿಸಿದರು. ಅವರ ಕುತ್ತಿಗೆಯ ಬೆವರು ಕಾಲರಿಗೆ ಇಳಿಯುತ್ತಿತ್ತು.

ಈಗ ಸಭೆಯ ಹಿಂದಿನ ಕೋಣೆಯಲ್ಲಿದ್ದೇನೆ. ತಗಡಿನ ಮಾಡು, ಒಂದು ಮಂಚ, ಪ್ಲಾಸ್ಟಿಕ್ ಕುರ್ಚಿಗಳ ರಾಶಿ. ಫೋನು ಬಿಟ್ಟುಬಿಟ್ಟೆ. ಗ್ಯಾಂಗಿನವರು ಯಾವಾಗ ಬೇಕಾದರೂ ಕೇಳಿ ತೆಗೆದು ನೋಡುತ್ತಾರೆ, ಫೋನೇ ಇಲ್ಲದಿದ್ದರೆ ನೋಡುವುದೇನು. ಹಾಗಾಗಿ ಕಾಗದ. ನಿನ್ನ ಉತ್ತರ ನಮ್ಮ ಊರಿನ ಬಸ್ಸಿನ ಕಂಡಕ್ಟರ್ ತೀನೊ ಹತ್ತಿರ ಕೊಡು, ಅವನು ಪಾಸ್ಟರ್ ಮನೆಗೆ ತಲುಪಿಸುತ್ತಾನೆ.

ಇನ್ನೊಂದು ಮಾತು ನಿನಗೆ ಮಾತ್ರ ಹೇಳುತ್ತೇನೆ. ನನಗೆ ಯಾವ ದೇವರೂ ಕಂಡಿಲ್ಲ ಅಕ್ಕಾ. ಎಲ್ಲರೂ ಕಣ್ಣು ಮುಚ್ಚಿದಾಗ ಮುಚ್ಚುತ್ತೇನೆ, ಎಲ್ಲರೂ ಅಳುವಾಗ ಮುಖಕ್ಕೆ ಕೈ ಇಟ್ಟುಕೊಳ್ಳುತ್ತೇನೆ. ಸಾಯಲು ಇಷ್ಟವಿಲ್ಲ, ಅಷ್ಟೇ ನನ್ನ ಭಕ್ತಿ. ಇದು ಯಾರಿಗಾದರೂ ಗೊತ್ತಾದೀತು ಅಂತ ರಾತ್ರಿ ಬಾಗಿಲಿಗೆ ಕುರ್ಚಿ ಒಡ್ಡಿ ಮಲಗುತ್ತೇನೆ.

ಅಮ್ಮ ಕೇಳಿದರೆ ಟೈರ್ ಅಂಗಡಿಯಲ್ಲೇ ಇದ್ದಾನೆ ಅನ್ನು.

ನಿನ್ನ ತಮ್ಮ
ಓಲ್ವಿನ್


ಎಲ್ ಸೆದ್ರಾಲ್
2 ಸೆಪ್ಟೆಂಬರ್ 2011

ಓಲ್ವಿನ್,

ಕಾಗದ ಒಲೆಗೆ ಹಾಕಿದೆ. ಹಾಕಿದ ಮೇಲೆ ಅಲ್ಲೇ ಕೂತು ಅತ್ತೆ. ಅಮ್ಮ ಬಂದು "ಹೊಗೆ ಜಾಸ್ತಿಯಾಯ್ತಾ?" ಅಂದಳು, ಹೂಂ ಅಂದೆ.

ಬದುಕಿದೆಯಲ್ಲ, ನನಗೆ ಅಷ್ಟು ಸಾಕು. ನಟಿಸು ಮಾರಾಯ. ಚೆನ್ನಾಗಿ ನಟಿಸು. ನೀನು ಚಿಕ್ಕವನಿದ್ದಾಗ ಶಾಲೆ ತಪ್ಪಿಸಲು ಹೊಟ್ಟೆನೋವು ಅಂತ ಹೊರಳಾಡಿ ಇಡೀ ಮನೆಯವರನ್ನು ನಂಬಿಸುತ್ತಿದ್ದೆ, ಆ ವಿದ್ಯೆ ಈಗ ಉಪಯೋಗಕ್ಕೆ ಬರಲಿ. ಅವರು ಹಲ್ಲೆಲೂಯ ಅಂದರೆ ನೀನು ಎರಡು ಸಲ ಅನ್ನು. ಟೈ ಕಟ್ಟಿಕೋ ಅಂದರೆ ಕಟ್ಟಿಕೋ. ಅವರಿಗೆ ಪಟಗಳು ಆಗದಿದ್ದರೂ ನಮ್ಮ ಸುಯಾಪಾ ದೇವಮಾತೆಯ ಪಟ ಮಾತ್ರ ಎಸೆಯಬೇಡ, ಬಟ್ಟೆಗಳ ಅಡಿಯಲ್ಲಿ ಇಟ್ಟುಕೋ. ಮಾತೆಗೆ ಎಲ್ಲ ಅರ್ಥವಾಗುತ್ತದೆ. ಆ ತಗಡಿನ ಮಾಡಿನವರ ಗದ್ದಲದಲ್ಲಿ ನಿನ್ನ ದನಿ ಯಾವುದು ಅಂತ ಅವಳಿಗೆ ತಿಳಿಯದೇ ಇರುತ್ತದೆಯೇ?

ಫಾದರ್ ಹತ್ತಿರ ಹೆಸರು ಹೇಳದೆ ಕೇಳಿದೆ. "ಜೀವ ಉಳಿಸಿಕೊಳ್ಳೋಕೆ ಒಬ್ಬ ಬೇರೆ ಸಭೆಗೆ ಹೋದ್ರೆ ಪಾಪ ಬರುತ್ತಾ ಫಾದರ್?" ಅಂದೆ. ಅವರು ನನ್ನನ್ನೇ ನೋಡಿ, "ಓಲ್ವಿನ್ ಹೇಗಿದ್ದಾನಮ್ಮ?" ಅಂದರು. ಇಂಥ ಊರಲ್ಲಿ ಗುಟ್ಟು ಇಟ್ಟುಕೊಳ್ಳುವುದು ಹೇಗೆ ಹೇಳು.

ನಿನ್ನ ಕೈ ಮೇಲಿನ ಹಚ್ಚೆ ಅಮ್ಮನ ಕಣ್ಣಿಗೆ ಬೀಳದ ಹಾಗೆ ಏನಾದರೂ ಮಾಡು. ಯಾವತ್ತಾದರೂ ಮನೆಗೆ ಬರುತ್ತೀಯಲ್ಲ.

ಅಕ್ಕ


ಸಾನ್ ಪೆದ್ರೊ
9 ಅಕ್ಟೋಬರ್ 2011

ಅಕ್ಕಾ,

ಡಾನಿಲೊನನ್ನು ಕೊಂದರು.

ನಿನಗೆ ಅವನು ಗೊತ್ತಿಲ್ಲ. ನನಗಿಂತ ಒಂದು ವರ್ಷ ಮೊದಲು ಗ್ಯಾಂಗ್ ಬಿಟ್ಟು ಇದೇ ಸಭೆಗೆ ಬಂದವನು. ಗಿಟಾರ್ ನುಡಿಸುತ್ತಿದ್ದ. ಅತ್ತೆಯ ಮಗಳ ಮದುವೆಗೆ ಹೋದ, ಯಾರೋ ಕೈಗೆ ಬಿಯರ್ ಕೊಟ್ಟರು. ಮದುವೆಯಲ್ಲವೇ ಅಂತ ಒಂದು ಗುಟುಕು ಕುಡಿದನಂತೆ. ಮಾರನೇ ದಿನ ಕಾಲುವೆಯ ಹತ್ತಿರ ಸಿಕ್ಕಿದ. ಪಾಸ್ಟರೇ ಹೋಗಿ ಬಟ್ಟೆ ಹೊದಿಸಿ ಬಂದರು. ಒಂದು ಗುಟುಕಿಗೆ ಅಕ್ಕಾ.

ಅವತ್ತಿನಿಂದ ನಾನು ನೀರು ಕುಡಿಯುವಾಗಲೂ ಲೋಟ ಎತ್ತಿ ಎಲ್ಲರಿಗೂ ಕಾಣುವ ಹಾಗೆ ಕುಡಿಯುತ್ತೇನೆ. ಮೂಲೆಯಲ್ಲಿ ಒಬ್ಬ ಆಟೋದವನಿದ್ದಾನೆ, ಅವನು ಮೂದೊನ ಕಣ್ಣು. ನಾನು ಹಾಲು ತರಲು ಹೋದರೆ ಆಟೋ ಇಳಿದು ನಿಲ್ಲುತ್ತಾನೆ. "ಏನಣ್ಣಾ, ದೇವರು ಹೇಗಿದ್ದಾನೆ?" ಅಂತ ನಗುತ್ತಾನೆ. "ಚೆನ್ನಾಗಿದ್ದಾನೆ," ಅನ್ನುತ್ತೇನೆ. ಅದಕ್ಕಿಂತ ಹೆಚ್ಚು ಮಾತು ಬಾಯಿಗೆ ಬರುವುದಿಲ್ಲ.

ಸಭೆಯಲ್ಲಿ ನನ್ನ ಕೆಲಸ ಕುರ್ಚಿ ಒರೆಸಿ ಸಾಲಾಗಿ ಇಡುವುದು. ಇಲ್ಲಿ ಎಲ್ಲರೂ ಎಲ್ಲರಿಗೂ ಅಣ್ಣ, ಅಕ್ಕ. ಮೊದಲ ವಾರ ಒಬ್ಬ ಮುದುಕರು ನನ್ನನ್ನು ತಬ್ಬಿಕೊಂಡರು. ನಾನು ಗೋಡೆಯ ಹಾಗೆ ನಿಂತಿದ್ದೆ, ಅವರ ಕೈ ಎಲ್ಲಿಗೆ ಹೋಗುತ್ತದೆ ಅಂತ ನೋಡುತ್ತಾ. ಈಗ ಅಷ್ಟು ಹೆದರಿಕೆ ಇಲ್ಲ. ಒಬ್ಬರು ಮಾತ್ರ ನನ್ನ ಹತ್ತಿರ ಸುಳಿಯುವುದಿಲ್ಲ. ನೊಯೆಮಿ ಅಂತ, ಸಭೆಯ ಎದುರು ಗಾಡಿಯಲ್ಲಿ ಬೀನ್ಸ್ ಹಚ್ಚಿದ ರೊಟ್ಟಿ ಮಾರುತ್ತಾರೆ. ಶುಕ್ರವಾರ ಶುಕ್ರವಾರ ಅವರ ಹತ್ತಿರ ಹಫ್ತಾ ವಸೂಲಿಗೆ ಹೋಗುತ್ತಿದ್ದವನು ನಾನು. ಅವರ ಮಗ ಒಂದು ಸಲ ಕೊಡುವುದಿಲ್ಲ ಅಂದ. ನಮ್ಮವರು ಅವನನ್ನು ಹೊಡೆದರು. ಅವನು ಉತ್ತರದ ಗಡಿ ದಾಟಲು ಹೋದವನು ಮತ್ತೆ ಸುದ್ದಿಯಿಲ್ಲ.

ಇಲ್ಲಿ ಪ್ರಾರ್ಥನೆಯ ನಡುವೆ ಎಲ್ಲರೂ ಒಬ್ಬರಿಗೊಬ್ಬರು ಕೈ ಕುಲುಕಿ "ಸಮಾಧಾನವಿರಲಿ" ಅನ್ನಬೇಕು. ನಾನು ಅವರ ಮುಂದೆ ಕೈ ಚಾಚಿದೆ. ನೊಯೆಮಿ ಅಮ್ಮ ನನ್ನ ಕೈಯ ಹಚ್ಚೆಯನ್ನೇ ನೋಡಿದರು. "ಈ ಕೈಗೆ ನಾನು ಕೊಡೋದೆಲ್ಲಾ ಕೊಟ್ಟಾಗಿದೆ," ಅಂದು ಮುಂದೆ ಹೋದರು. ಇಡೀ ಸಭೆ ಕೇಳಿಸಿಕೊಂಡಿತು. ಈಗ ಪ್ರತಿ ಭಾನುವಾರ ಕೈ ಚಾಚುತ್ತೇನೆ, ಪ್ರತಿ ಭಾನುವಾರ ಅವರು ದಾಟಿ ಹೋಗುತ್ತಾರೆ.

ಅವರು ಯಾವಾಗಲೂ ನನ್ನನ್ನೇ ನೋಡುತ್ತಿರುತ್ತಾರೆ. ರೊಟ್ಟಿ ತಟ್ಟುತ್ತಾ ನೋಡುತ್ತಾರೆ, ಹಾಡು ಹೇಳುತ್ತಾ ನೋಡುತ್ತಾರೆ. ಆಟೋದವನಿಗಿಂತ ಅವರ ನೋಟಕ್ಕೇ ನನಗೆ ಹೆಚ್ಚು ಹೆದರಿಕೆ. ಅವರಿಗೆ ನನ್ನ ಒಳಗೆ ಏನೂ ಇಲ್ಲ ಅಂತ ಗೊತ್ತಾಗಿಬಿಟ್ಟಿದೆ ಅನ್ನಿಸುತ್ತದೆ.

ಇನ್ನೊಂದು ವಿಷಯ ಬರೆಯಬೇಕು ಅಂತ ಕೂತೆ. ಬೇಡ ಬಿಡು, ನೀನು ನಗುತ್ತೀಯ.

ಓಲ್ವಿನ್


ಎಲ್ ಸೆದ್ರಾಲ್
6 ನವೆಂಬರ್ 2011

ಓಲ್ವಿನ್,

ಡಾನಿಲೊ ಸುದ್ದಿ ಓದಿದ ಮೇಲೆ ನನಗೆ ನಿದ್ದೆ ಇಲ್ಲ. ಆ ಹುಡುಗನ ತಾಯಿ ಹೇಗಿದ್ದಾಳೋ. ಸತ್ತವರ ಹಬ್ಬಕ್ಕೆ ಅಪ್ಪನ ಸಮಾಧಿಗೆ ಹೂ ಇಟ್ಟು ಬಂದೆ, ಅವನ ಹೆಸರಿಗೂ ಒಂದು ಮೇಣದಬತ್ತಿ ಹಚ್ಚಿದೆ.

ನಾನೊಂದು ದಾರಿ ಯೋಚಿಸಿದ್ದೇನೆ. ಕಾಫಿ ಕೊಯ್ಲು ಮುಗಿದ ಕೂಡಲೇ ಗಡಿಯಾಚೆ ಮಾವನ ಹತ್ತಿರ ನಿನ್ನನ್ನು ಕಳಿಸಿಬಿಡೋಣ. ಅಲ್ಲಿ ಅವನಿಗೆ ಮರದ ಕೆಲಸಕ್ಕೆ ಆಳು ಬೇಕಂತೆ. ಅಲ್ಲಿ ಟೈ ಬಿಚ್ಚಿ ಎಸೆದು ಬೇಕಾದ ಹಾಗೆ ಇರು. ಅಲ್ಲಿಯ ತನಕ ಹಲ್ಲು ಕಚ್ಚಿಕೊಂಡು ಆ ಕುರ್ಚಿ ಒರೆಸು. ಬೇಜಾರಾಗಿದೆ ಅಂತ ನಿನ್ನ ಕಾಗದ ನೋಡಿದರೇ ತಿಳಿಯುತ್ತದೆ. ನಾನೇನೂ ನಗುವುದಿಲ್ಲ, ಅದೇನು ಅಂತ ಬರಿ.

ಆ ನೊಯೆಮಿ ಅನ್ನುವವಳಿಂದ ದೂರ ಇರು. ಸಿಟ್ಟು ಇಟ್ಟುಕೊಂಡ ಹೆಂಗಸು, ಯಾವತ್ತಾದರೂ ಮೂದೊನ ಹತ್ತಿರ ಹೋಗಿ ಏನಾದರೂ ಹೇಳಿಬಿಟ್ಟರೆ?

ಅಕ್ಕ


ಸಾನ್ ಪೆದ್ರೊ
27 ನವೆಂಬರ್ 2011

ಅಕ್ಕಾ,

ಮಾವನಿಗೆ ಬೇಡ ಅಂತ ಹೇಳಿಬಿಡು. ನಾನು ಹೋಗುವುದಿಲ್ಲ.

ನಟನೆ ಅಂತ ಇನ್ನು ಮೇಲೆ ಬರೆಯಬೇಡ. ಬಯ್ಯುತ್ತಿಲ್ಲ, ಬೇಡಿಕೊಳ್ಳುತ್ತಿದ್ದೇನೆ. ಅವತ್ತು ಬರೆಯದೆ ಬಿಟ್ಟ ವಿಷಯ ಇದೇ. ಡಾನಿಲೊನನ್ನು ಹೂತು ಬಂದ ಮಧ್ಯಾಹ್ನ ಒಬ್ಬನೇ ಕುರ್ಚಿ ಒರೆಸುತ್ತಿದ್ದೆ. ಅವನು ಕೂರುತ್ತಿದ್ದ ಕುರ್ಚಿ ಬಂತು. ಸುಮ್ಮನೆ ಬಾಯಿಂದ "ಯೇಸುವೇ" ಅಂತ ಬಂತು. ಯಾರೂ ಇರಲಿಲ್ಲ ಅಕ್ಕಾ, ಯಾರಿಗೆ ಕೇಳಿಸಲಿ ಅಂತಲೂ ಹೇಳಿದ್ದಲ್ಲ. ಯಾರೋ ನನ್ನನ್ನು ಮೊದಲಿನಿಂದ ಬಲ್ಲವರು, ನಾನು ಮಾಡಿದ್ದೆಲ್ಲ ಬಲ್ಲವರು, ಆದರೂ ಎದ್ದು ಹೋಗದೆ ಕೂತಿದ್ದಾರೆ ಅನ್ನಿಸಿತು. ಅಷ್ಟು ಹೊತ್ತು ನನಗೆ ಹೆದರಿಕೆ ಆಗಲಿಲ್ಲ. ಆಮೇಲೆ ಮತ್ತೆ ಬಂತು.

ಅದು ನಿಜವೋ, ನಟಿಸಿ ನಟಿಸಿ ನನ್ನನ್ನೇ ನಂಬಿಸಿಕೊಂಡೆನೋ ನನಗೇ ಗೊತ್ತಿಲ್ಲ. ನನಗೇ ಗೊತ್ತಿಲ್ಲದ್ದನ್ನು ಮೂದೊ ಬಂದು ಕೇಳಿದರೆ ಏನು ಹೇಳಲಿ? ಪಾಸ್ಟರ್ ಜನವರಿಯಲ್ಲಿ ನದಿಯಲ್ಲಿ ದೀಕ್ಷಾಸ್ನಾನ ಕೊಡುತ್ತೇನೆ ಅಂದಿದ್ದಾರೆ. ಅಲ್ಲಿಯ ತನಕ ಬದುಕಿದ್ದರೆ ಸಾಕು ಅಂತ ಕಾಯುತ್ತಿದ್ದೇನೆ.

ಸುಯಾಪಾ ಮಾತೆಯ ಪಟ ಎಸೆದಿಲ್ಲ. ಅಮ್ಮನ ಮುಖ ಅದರಲ್ಲಿ ಸ್ವಲ್ಪ ಕಾಣುತ್ತದೆ.

ಓಲ್ವಿನ್


ಎಲ್ ಸೆದ್ರಾಲ್
15 ಡಿಸೆಂಬರ್ 2011

ಓಲ್ವಿನ್,

ನಿನ್ನ ಕಾಗದ ನೋಡಿ ನನಗೆ ಸಿಟ್ಟು ಬಂತು. ಬಂತು ಅಂತ ಹೇಳುತ್ತಿದ್ದೇನೆ, ಮುಚ್ಚಿಟ್ಟುಕೊಳ್ಳುವುದಿಲ್ಲ. ನಿನ್ನನ್ನು ಸೊಂಟದ ಮೇಲೆ ಹೊತ್ತುಕೊಂಡು ಫಾದರ್ ಮುಂದೆ ನಿಂತು ನಾಮಕರಣ ಮಾಡಿಸಿದ್ದು ನಾನು. ತಲೆ ಮೇಲೆ ನೀರು ಹಾಕಿದಾಗ ನೀನು ನನ್ನ ಕಿವಿ ಕಚ್ಚಿದ್ದೆ. ಆ ನೀರು ಸಾಲದೇ, ಈಗ ಇನ್ನೊಂದು ನೀರು ಬೇಕೇ? ಎರಡು ದಿನ ಕಾಗದ ಜೋಳದ ಡಬ್ಬದ ಹಿಂದೆ ತಳ್ಳಿಟ್ಟೆ. ಮೂರನೇ ದಿನ ನಿನ್ನ ಕಾಗದ ಮತ್ತೆ ತೆಗೆದು ನೋಡಿದೆ. ಇದನ್ನು ಒಲೆಗೆ ಹಾಕಲು ಮನಸ್ಸು ಬಂದಿಲ್ಲ. ಹೆದರಿಕೆ ಆಗಲಿಲ್ಲ ಅಂತ ನೀನು ಬರೆದದ್ದು ಇದೇ ಮೊದಲು.

ಸರಿ, ಜಗಳ ಸಾಕು. ಕ್ರಿಸ್‌ಮಸ್‌ಗೆ ನೀನು ಬರುವುದಿಲ್ಲ ಅಂತ ಅಮ್ಮನಿಗೆ ಹೇಳಿದೆ, ಟೈರ್ ಅಂಗಡಿಯಲ್ಲಿ ರಜೆ ಕೊಡುವುದಿಲ್ಲವಂತೆ ಅಂದೆ. ಅವಳು ಸುಮ್ಮನೆ ಎದ್ದು ಮೊಟ್ಟೆ ತರಲು ಹೋದಳು. ಇವತ್ತು ತೀನೊ ಕೈಯಲ್ಲಿ ಗಂಟು ಕಳಿಸುತ್ತಿದ್ದೇನೆ. ಬಾಳೆಲೆಯಲ್ಲಿ ಕಟ್ಟಿದ ನಕತಮಾಲ್ ಇದೆ, ಹಂದಿ ಮಾಂಸದ್ದು. ಬಿಸಿ ಮಾಡಿಯೇ ತಿನ್ನು. ಜೊತೆಗೆ ಅಮ್ಮನ ರೊಂಪೊಪೊ ಒಂದು ಬಾಟಲಿ. ಹಾಲು ಕಾಯಿಸುತ್ತಾ ಕೂತು ಅವಳು ನಿನ್ನ ಹೆಸರು ಹೇಳಿಕೊಂಡು ಮೊಟ್ಟೆಯ ಹಳದಿ ಕದಡಿದ್ದಾಳೆ. ಈ ವರ್ಷ ಚಳಿ ಜಾಸ್ತಿ ಅಂತ ರಮ್ಮು ಸ್ವಲ್ಪ ಕೈ ಬಿಚ್ಚಿ ಹಾಕಿದಳು, ದಾಲ್ಚಿನ್ನಿಯನ್ನೂ. ಮಲಗುವ ಮುಂಚೆ ಒಂದು ಲೋಟ ಕುಡಿ, ಎದೆ ಬೆಚ್ಚಗಿರುತ್ತದೆ.

ಬಿಯರ್ ಗಿಯರ್ ಹತ್ತಿರ ಹೋಗಬೇಡ. ಜೋಪಾನ.

ಅಕ್ಕ


ಎಲ್ ಸೆದ್ರಾಲ್
20 ಡಿಸೆಂಬರ್ 2011

ಓಲ್ವಿನ್, ಪುಟ್ಟಾ,

ಆ ಬಾಟಲಿ ನಾನು ಕಳಿಸಬಾರದಿತ್ತು. ಚೆಲ್ಲಿಬಿಡಬೇಕಿತ್ತು. ಒಡೆದು ಹಾಕಬೇಕಿತ್ತು.

ತೀನೊ ಈಗ ಬಂದ. ಪಾಸ್ಟರ್ ಮನೆಯಲ್ಲಿ ಯಾರೂ ಇರಲಿಲ್ಲ, ಅದಕ್ಕೆ ಬಸ್ ಸ್ಟಾಪಿನಲ್ಲೇ ನಿನ್ನ ಕೈಗೆ ಗಂಟು ಕೊಟ್ಟೆ ಅಂದ. "ಡೆಲ್ಮಿಸಕ್ಕಾ, ಆಟೋದವನೊಬ್ಬ ಬಂದು ಗಂಟು ಬಿಚ್ಚಿಸ್ದ. ಬಾಟ್ಲಿ ಮುಚ್ಚಳ ತೆಗೆದು ಮೂಸ್ದ. 'ರಮ್ಮು' ಅಂದ. ಬಾಟ್ಲಿ ಅವನೇ ಇಟ್ಕೊಂಡ. ನಿಮ್ಮ ಓಲ್ವಿನ್ ಮುಖ ಸುಣ್ಣ ಆಗೋಯ್ತು, ಏನಕ್ಕಾ ಅದು?" ಅಂತ ಕೇಳುತ್ತಿದ್ದಾನೆ.

ನನ್ನ ತಲೆಗೇ ಹೊಳೆಯಲಿಲ್ಲವಲ್ಲ. ಬಿಯರ್ ಅಂದರೆ ಹೆಂಡ, ಗುವಾರೊ ಅಂದರೆ ಹೆಂಡ. ರೊಂಪೊಪೊ ಯಾವತ್ತು ಹೆಂಡವಾಯಿತು ಹೇಳು? ನಮ್ಮ ಅಜ್ಜಿ ಜಪಸರ ಕೈಯಲ್ಲಿ ಹಿಡಿದುಕೊಂಡೇ ಕುಡಿಯುತ್ತಿದ್ದಳು. ಫಾದರ್ ಮನೆಗೆ ಬಂದರೆ ಅವರಿಗೂ ಕೊಡುತ್ತೇವೆ. ಎರಡು ಕಾಗದದಲ್ಲಿ ನೀನು ಬಿಡಿಸಿ ಬಿಡಿಸಿ ಬರೆದಿದ್ದೆ, ನಾನೇ ನನ್ನ ಕೈಯಾರೆ ಅದನ್ನು ಚಿಂದಿ ಬಟ್ಟೆಯಲ್ಲಿ ಒಡೆಯದ ಹಾಗೆ ಸುತ್ತಿ ಕಳಿಸಿದೆ.

ತೀನೊ ಬಸ್ಸು ಹಬ್ಬ ಮುಗಿಯುವ ತನಕ ಹೊರಡುವುದಿಲ್ಲವಂತೆ. ಈ ಕಾಗದ ಯಾರ ಕೈಗೆ ಕೊಡಲಿ? ಕಾಫಿ ಸಾಗಿಸುವ ಲಾರಿಯವನ ಕಾಲು ಹಿಡಿಯುತ್ತೇನೆ. ಓಡಿ ಬಾ. ಎಲ್ಲಾ ಬಿಟ್ಟು ಬಾ.

ಅಕ್ಕ


ಎಲ್ ಸೆದ್ರಾಲ್
28 ಡಿಸೆಂಬರ್ 2011

ಓಲ್ವಿನ್,

ಬದುಕಿದ್ದೀಯಾ? ಬೇರೆ ಏನೂ ಬರೆಯಬೇಡ. ಇದ್ದೀನಿ ಅಂತ ಒಂದು ಮಾತು ಬರೆದು ಕಳಿಸು.

ಅಮ್ಮ ದಿನಾ ಕೇಳುತ್ತಾಳೆ, ರೊಂಪೊಪೊ ತಲುಪಿತಂತಾ, ಹಿಡಿಸಿತಂತಾ ಅಂತ.


ಸಾನ್ ಪೆದ್ರೊ
29 ಡಿಸೆಂಬರ್ 2011

ಅಕ್ಕಾ,

ಇದ್ದೀನಿ.

ನಿನ್ನ ಇಪ್ಪತ್ತನೇ ತಾರೀಖಿನ ಕಾಗದ ಲಾರಿಯವನು ನಿನ್ನೆ ತಂದುಕೊಟ್ಟ. ಅದಕ್ಕೂ ಮೊದಲೇ ಎಲ್ಲ ಮುಗಿದಿತ್ತು. ಬರೆಯೋಣ ಅಂತ ಎಷ್ಟೋ ಸಲ ಕೂತೆ, ಪೆನ್ನು ಹಿಡಿದರೆ ಅಕ್ಷರ ಮೂಡಲಿಲ್ಲ. ಇವತ್ತು ಸ್ವಲ್ಪ ಪರವಾಗಿಲ್ಲ.

ಆಟೋದವನು ಬಾಟಲಿ ಕಿತ್ತುಕೊಂಡದ್ದು ಶುಕ್ರವಾರ. "ಮೂದೊಗೆ ತೋರಿಸ್ತೀನಿ, ಹಬ್ಬ ಅಲ್ವಾ," ಅಂದ. ಓಡೋಣ ಅಂತ ಚೀಲ ಕಟ್ಟಿದೆ. ಪಾಸ್ಟರ್, "ಓಡಿದ್ರೆ ಹೌದು ಅಂತ ಒಪ್ಕೊಂಡ ಹಾಗೆ ಕಣಪ್ಪ. ನಿನ್ನ ಜೊತೆ ನಾನೂ ಇದೀನಿ," ಅಂದರು. ಅವರ ಹೆಂಡತಿ ಒಳಗೆ ಅಳುವುದು ಕೇಳುತ್ತಿತ್ತು. ಎರಡು ದಿನ ಮೊಣಕಾಲೂರಿ ಕೂತೆ. ಅಕ್ಕಾ, ಒಂದು ವಿಚಿತ್ರ ಹೇಳುತ್ತೇನೆ. ಗುಂಡಿಗೆ ಹೆದರಿ ಕೂತವನು ನಾನು. ಆದರೆ ಬಾಯಿಂದ ಬರುತ್ತಿದ್ದದ್ದು, "ನಾನು ಕುಡಿದಿಲ್ಲ, ನೀನಾದರೂ ನಂಬು," ಅಂತ. ದೇವರು ತಪ್ಪು ತಿಳಿದುಕೊಂಡಾನು ಅಂತ ಹೆದರುತ್ತಿದ್ದೆ.

ಭಾನುವಾರ ಬೆಳಗ್ಗೆ ಹಾಡಿನ ಮಧ್ಯೆ ಮೂದೊ ಬಂದ. ಒಬ್ಬನೇ. ಬಾಟಲಿ ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸಾಲಿನಲ್ಲಿ ಕೂತ, ನಾನೇ ಒರೆಸಿಟ್ಟ ಕುರ್ಚಿಯಲ್ಲಿ. ಹಾಡು ನಿಂತಿತು.

"ನಿಲ್ಲಿಸ್ಬೇಡಿ ಪಾಸ್ಟರ್, ಮುಗಿಸಿ," ಅಂದ.

ಹಾಡು ಮುಗಿಸಿದೆವು. ಯಾರ ದನಿ ಯಾವ ಕಡೆ ಹೋಗುತ್ತಿದೆ ಅಂತ ಯಾರಿಗೂ ಗೊತ್ತಿರಲಿಲ್ಲ.

"ಇದು ಯಾರದ್ದು?" ಅಂದ.

"ನಂದು. ನಮ್ಮಮ್ಮ ಕಳ್ಸಿದ್ದು. ರೊಂಪೊಪೊ," ಅಂದೆ.

"ಕುಡಿದ್ಯಾ?"

"ಇಲ್ಲ."

"ಅವನು ಕಿತ್ಕೊಳ್ದೇ ಇದ್ದಿದ್ರೆ ಕುಡೀತಿದ್ಯಾ?"

ಇಲ್ಲ ಅಂದುಬಿಡಬೇಕಿತ್ತು. ಆದರೆ ಅಲ್ಲಿ ನಿಂತು ಸುಳ್ಳು ಹೇಳಲು ಆಗಲಿಲ್ಲ ಅಕ್ಕಾ. "ಗೊತ್ತಿಲ್ಲ. ಮುಚ್ಚಳ ತೆಗೆದು ಮೂಸಿ ನೋಡ್ತಿದ್ದೆ, ಅದಂತೂ ನಿಜ. ಮನೆ ಬಿಟ್ಟು ತುಂಬಾ ದಿನ ಆಯ್ತು," ಅಂದೆ.

ಪಾಸ್ಟರ್ ಎದ್ದು ನಿಂತು, "ಇವನು ನಿಜವಾದವನು. ನಾನು ಹೇಳ್ತೀನಿ," ಅಂದರು.

"ನೀವು ಎಲ್ಲರಿಗೂ ಹಾಗೇ ಅಂತೀರಿ. ಡಾನಿಲೊಗೂ ಅಂದಿದ್ರಿ." ಅವನು ಕಣ್ಣು ಸುತ್ತಾಡಿಸಿ ನೊಯೆಮಿ ಅಮ್ಮನ ಮೇಲೆ ನಿಲ್ಲಿಸಿದ. "ಅಮ್ಮಾ, ನೀವು ಹೇಳಿ. ಇವನ ಕೈ ಕುಲುಕಲ್ಲ ನೀವು, ಇಡೀ ಬಡಾವಣೆಗೆ ಗೊತ್ತು. ನೀವು ಇವನಿಗೋಸ್ಕರ ಸುಳ್ಳು ಹೇಳಲ್ಲ. ಯೋಚನೆ ಮಾಡಿ ಹೇಳಿ. ನಾಳೆ ಇವನು ಎಡವಿದ್ರೆ ಮಾತು ಕೊಟ್ಟವರನ್ನೂ ಕೇಳ್ತೀವಿ."

ನನ್ನ ಕಥೆ ಮುಗಿಯಿತು ಅಂದುಕೊಂಡೆ. ನೀನು ಬರೆದದ್ದು ನೆನಪಾಯಿತು, ಸಿಟ್ಟು ಇಟ್ಟುಕೊಂಡ ಹೆಂಗಸು ಅಂತ. ಅವರು ಮುಂದಿನ ಕುರ್ಚಿ ಹಿಡಿದುಕೊಂಡು ನಿಧಾನವಾಗಿ ಎದ್ದರು.

"ಇವನು ಸುಳ್ಳ ಅಂತ ನಿನ್ನ ಹತ್ರ ಬಂದು ನಾನೇ ಹೇಳ್ಬೇಕು ಅಂತಿದ್ದೆ," ಅಂದರು. "ಇವನು ಬಂದ ದಿನದಿಂದ ಕಾಯ್ತಿದೀನಿ. ಗಾಡಿ ಹತ್ರ ನಿಂತು ನೋಡಿದೀನಿ, ಹಿಂದಿನ ಕಿಟಕಿಯಿಂದ ನೋಡಿದೀನಿ. ಒಂದು ಸಿಗರೇಟು ಹಚ್ಚಲಿ, ಒಂದು ಸಲ ನಮ್ಮನ್ನೆಲ್ಲ ನೋಡಿ ನಗಲಿ ಅಂತ ಕಾಯ್ತಿದ್ದೆ. ನನ್ನ ಮಗ ಹೋದ ಹಾಗೆ ಇವನೂ ಹೋಗ್ಲಿ ಅಂತಲೇ. ದೇವರ ಮನೇಲಿ ನಿಂತಿದೀನಿ, ಸುಳ್ಳು ಹೇಳಲ್ಲ."

ಯಾರೋ ಉಸಿರು ಎಳೆದುಕೊಂಡರು.

"ಸಿಗಲಿಲ್ಲ," ಅಂದರು. "ಯಾರೂ ಇಲ್ಲ ಅಂದ್ಕೊಂಡು ಕುರ್ಚಿ ಒರಸ್ತಾ ಹಾಡ್ತಾನೆ. ರಾಗ ಒಂಚೂರೂ ಬರಲ್ಲ. ಆ ಡಾನಿಲೊ ಕುರ್ಚಿ ಬಂದಾಗ ಮೊಣಕಾಲೂರ್ತಾನೆ. ಯಾರೂ ನೋಡ್ದೇ ಇರೋವಾಗ ಯಾರಿಗೋಸ್ಕರ ನಟಿಸ್ತಾನೆ ಇವನು? ನಂಗಿವನು ಹಿಡಿಸಲ್ಲ. ಆದ್ರೆ ದೇವರು ಇವನನ್ನ ಒಳಗೆ ಕರ್ಕೊಂಡಾಗಿದೆ. ನನ್ನ ಕೇಳಿ ಕರ್ಕೊಂಡಿಲ್ಲ. ಕೇಳಿದ್ರೆ ಬೇಡ ಅಂತಿದ್ದೆ."

ಕೂತುಕೊಂಡರು.

ಅಕ್ಕಾ, ನನಗೇ ಗೊತ್ತಿಲ್ಲ ಅಂತ ನಿನಗೆ ಬರೆದಿದ್ದೆನಲ್ಲ. ನಾನು ಸಾಯಲಿ ಅಂತ ಕಾಯುತ್ತಿದ್ದ ಒಬ್ಬ ಹೆಂಗಸಿಗೆ ಅದು ಗೊತ್ತಿತ್ತು. ನಾನು ಅಲ್ಲೇ ಎಲ್ಲರ ಮುಂದೆ ಅತ್ತುಬಿಟ್ಟೆ. ಮುಖಕ್ಕೆ ಕೈ ಇಟ್ಟುಕೊಳ್ಳಲಿಲ್ಲ.

ಮೂದೊ ಬಾಟಲಿಯ ಮುಚ್ಚಳ ತೆಗೆದ. ಕೂತಲ್ಲೇ ಕುಡಿಯತೊಡಗಿದ, ನಿಧಾನವಾಗಿ, ಕೊನೆಯ ಹನಿಯ ತನಕ. ನಾವೆಲ್ಲ ಬೈಬಲ್ ತೊಡೆಯ ಮೇಲಿಟ್ಟುಕೊಂಡು ಅವನು ಕುಡಿದು ಮುಗಿಸುವುದನ್ನೇ ಕಾಯುತ್ತಾ ಕೂತಿದ್ದೆವು. ಮೀಸೆ ಒರೆಸಿಕೊಂಡು, "ನಮ್ಮಜ್ಜಿನೂ ಮಾಡ್ತಿದ್ಲು. ದಾಲ್ಚಿನ್ನಿ ಜಾಸ್ತಿಯಾಯ್ತು," ಅಂದ. ಖಾಲಿ ಬಾಟಲಿ ಕುರ್ಚಿಯ ಮೇಲಿಟ್ಟು ಬಾಗಿಲ ತನಕ ಹೋಗಿ ತಿರುಗಿದ. "ಇಬ್ಬರನ್ನೂ ನೋಡ್ತಿರ್ತೀವಿ," ಅಂದು ಹೋದ.

ಪ್ರಾರ್ಥನೆ ಮುಗಿದ ಮೇಲೆ ನೊಯೆಮಿ ಅಮ್ಮನ ಹತ್ತಿರ ಹೋದೆ. ಕೈ ಚಾಚಿದೆ. "ಬೇಡ, ಇನ್ನೂ ಆಗಲ್ಲ ನಂಗೆ," ಅಂದರು. ಅವರು ಗಾಡಿಯ ಹತ್ತಿರ ಹೋಗಿ ಒಲೆ ಹಚ್ಚುವುದನ್ನು ನಿಂತು ನೋಡಿದೆ. ಕಡ್ಡಿ ಮೇಲೆ ಕಡ್ಡಿ ಗೀರುತ್ತಿದ್ದರು, ಹತ್ತುತ್ತಿರಲಿಲ್ಲ.

ಈಗ ನನ್ನ ಜೀವದ ಜೊತೆ ಅವರ ಜೀವವೂ ಕಟ್ಟಿಕೊಂಡಿದೆ. ಮೊದಲಿಗಿಂತ ಹೆಚ್ಚು ಹೆದರಿಕೆ ಆಗುತ್ತಿದೆ ಅಕ್ಕಾ.

ಅಮ್ಮನಿಗೆ ಹೇಳು, ರೊಂಪೊಪೊ ಒಂದು ಹನಿಯೂ ಉಳಿಯಲಿಲ್ಲ ಅಂತ. ಅದು ನಿಜ. ನಾನು ಕುಡಿದೆ ಅಂತ ಮಾತ್ರ ಹೇಳಬೇಡ.

ಓಲ್ವಿನ್


ಎಲ್ ಸೆದ್ರಾಲ್
10 ಜನವರಿ 2012

ಪುಟ್ಟಾ,

"ಇದ್ದೀನಿ" ಅನ್ನುವ ಮಾತು ಓದಿದ ಮೇಲೆ ಉಳಿದದ್ದು ಓದಲು ಕಣ್ಣು ಕಾಣಲಿಲ್ಲ. ತೀನೊ ಕೈಗೇ ಕೊಟ್ಟು ಓದಿಸಿದೆ. ಅವನೂ ಅತ್ತ. ಇಬ್ಬರೂ ಬಸ್ಸಿನ ಮೆಟ್ಟಿಲ ಮೇಲೆ ಕೂತು ಅಳುವುದನ್ನು ನೋಡಿ ಊರವರು ಏನೋ ಅಂದುಕೊಂಡಿರುತ್ತಾರೆ, ಅಂದುಕೊಳ್ಳಲಿ.

ನೀನು ಸುಮ್ಮನಿದ್ದ ಆ ದಿನಗಳಲ್ಲಿ ನಾನು ಸುಯಾಪಾ ಮಾತೆಯ ಮುಂದೆ ಕೂತು ಏನು ಕೇಳಿಕೊಂಡೆ ಗೊತ್ತೇ? ಆ ತಗಡಿನ ಮಾಡನ್ನು ಕಾಯಿ ತಾಯಿ ಅಂತ. ನನ್ನ ಬಾಯಿಂದಲೇ ಬಂತು.

ಅಮ್ಮನಿಗೆ ಪೂರ್ತಿ ಖಾಲಿಯಾಯಿತಂತೆ ಅಂದೆ. "ಅವನಿಗೆ ಮೊದಲಿಂದಾನೂ ಇಷ್ಟ," ಅಂದಳು. ಮುಂದಿನ ವರ್ಷ ಎರಡು ಬಾಟಲಿ ಕಳಿಸುತ್ತಾಳಂತೆ. ನಾನು ಎದ್ದು ಹೊರಗೆ ಹೋದೆ.

ದೀಕ್ಷಾಸ್ನಾನಕ್ಕೆ ಬರಬೇಕು ಅಂತ ಆಸೆ. ಕೊಯ್ಲು ಅರ್ಧಕ್ಕೆ ಬಿಟ್ಟು ಬರಲಾಗುವುದಿಲ್ಲ, ಅಮ್ಮನ ಕಾಲೂ ಊದಿದೆ. ನೀನು ನಾಮಕರಣಕ್ಕೆ ಹಾಕಿದ್ದ ಬಿಳಿ ಟೊಪ್ಪಿ ಇಟ್ಟಿದ್ದೆ, ಇದರ ಜೊತೆ ಕಳಿಸಿದ್ದೇನೆ. ಜೇಬಲ್ಲಿ ಇಟ್ಟುಕೋ. ಬರೀ ಟೊಪ್ಪಿ, ಬೇರೆ ಏನೂ ಇಲ್ಲ, ಬೇಕಾದರೆ ಅವರು ಮೂಸಿ ನೋಡಲಿ. ಆ ನೊಯೆಮಿ ಅಮ್ಮನಿಗೆ ನನ್ನ ನಮಸ್ಕಾರ ಹೇಳು. ನಾನು ಅವರ ಬಗ್ಗೆ ಬರೆದದ್ದನ್ನು ಹೇಳಬೇಡ.

ಅಕ್ಕ


ಸಾನ್ ಪೆದ್ರೊ
30 ಜನವರಿ 2012

ಅಕ್ಕಾ,

ನಿನ್ನೆ ಆಯಿತು.

ನದಿಯಲ್ಲಿ ಎದೆಮಟ್ಟ ನೀರು, ಕೆಸರು ಬಣ್ಣ. ಇಲ್ಲಿಯ ಪದ್ಧತಿಯಲ್ಲಿ ಮುಳುಗುವವನನ್ನು ಇಬ್ಬರು ಹಿಡಿದುಕೊಳ್ಳಬೇಕು, ಒಂದು ಕಡೆ ಪಾಸ್ಟರ್, ಇನ್ನೊಂದು ಕಡೆ ಮನೆಯವರು. ನನ್ನ ಮನೆಯವರು ಯಾರೂ ಇರಲಿಲ್ಲವಲ್ಲ, ಪಾಸ್ಟರ್ "ಯಾರಾದ್ರೂ ಬನ್ನಿ," ಅಂತ ದಡದ ಕಡೆ ನೋಡಿದರು. ನನ್ನನ್ನು ಮೊದಲು ತಬ್ಬಿಕೊಂಡ ಆ ಮುದುಕರು ಪ್ಯಾಂಟು ಮಡಚುತ್ತಿದ್ದರು. ಅವರಿಗಿಂತ ಮುಂಚೆ ನೊಯೆಮಿ ಅಮ್ಮ ಚಪ್ಪಲಿ ಬಿಟ್ಟು, ಲಂಗ ಒದ್ದೆಯಾಗುವುದನ್ನೂ ನೋಡದೆ ನೀರಿಗಿಳಿದು ಬಂದುಬಿಟ್ಟರು. ಬಂದು ನನ್ನ ಬಲಗೈ ಹಿಡಿದರು. ಹಚ್ಚೆ ಇರುವ ಕೈ, ಅವರು ಶುಕ್ರವಾರ ಶುಕ್ರವಾರ ದುಡ್ಡು ಇಡುತ್ತಿದ್ದ ಕೈ.

"ಉಸಿರು ಬಿಗಿ ಹಿಡ್ಕೋ," ಅಂದರು.

ನೀರಿನೊಳಗೆ ಏನಾಯಿತು ಅಂತ ಕೇಳಬೇಡ, ಬರೆಯಲು ಬರುವುದಿಲ್ಲ. ಕಿವಿ ತುಂಬ ನೀರಿತ್ತು, ಎಲ್ಲಾ ಸದ್ದು ನಿಂತಿತ್ತು, ಡಾನಿಲೊ ಕುರ್ಚಿಯ ಹತ್ತಿರ ಬಂದಿದ್ದವರು ಅಲ್ಲೂ ಇದ್ದರು. ಮೇಲೆ ಬಂದಾಗ ಎಲ್ಲರೂ ಹಾಡುತ್ತಿದ್ದರು. ಟೊಪ್ಪಿ ಜೇಬಿನಲ್ಲೇ ಇತ್ತು, ಈಗ ಹಗ್ಗದ ಮೇಲೆ ಒಣಗುತ್ತಿದೆ.

ದಡದ ಮೇಲೆ ಆಟೋದವನು ನಿಂತಿದ್ದ. ತೋಳು ಕಟ್ಟಿಕೊಂಡು ನೋಡುತ್ತಿದ್ದ. ನಾವು ಬಟ್ಟೆ ಇಟ್ಟ ಜಾಗಕ್ಕೆ ಹೋಗಲು ಅವನ ಮುಂದೆಯೇ ಹಾದುಹೋಗಬೇಕು. ನೀರಿನಿಂದ ಹೊರಗೆ ಬಂದ ಮೇಲೆ ನೊಯೆಮಿ ಅಮ್ಮ ಕೈ ಬಿಡುತ್ತಾರೆ ಅಂದುಕೊಂಡೆ. ಬಿಡಲಿಲ್ಲ. ಅವನ ಹತ್ತಿರ ಬರುತ್ತಾ ಬರುತ್ತಾ ಇನ್ನೂ ಗಟ್ಟಿಯಾಗಿ ಹಿಡಿದರು. ಆಗ ಗೊತ್ತಾಯಿತು, ಅವರ ಕೈ ನಡುಗುತ್ತಿತ್ತು.

ನನ್ನದೂ ನಡುಗುತ್ತಿತ್ತು. ಇಬ್ಬರೂ ಹಾಗೇ ನಡೆದುಕೊಂಡು ಅವನನ್ನು ದಾಟಿ ಬಂದೆವು.

ನಿನ್ನ
ಓಲ್ವಿನ್